ಕ್ಯಾಂಡಿಡ್: ಎತ್ತಲೋ ನೋಡಿದ ಮಾತ್ರಕ್ಕೆ ಆಗುವುದಲ್ಲ

ಬೆಟ್ಟದ ಅಂಚಿನಲ್ಲಿ ಒಬ್ಬರು ನಿಂತಿದ್ದಾರೆ. ಬೆನ್ನು ಕ್ಯಾಮೆರಾದ ಕಡೆಗೆ, ಮುಖ ಮುಕ್ಕಾಲು ಪಾಲು ಆಚೆಗೆ, ಒಂದು ಕೈ ಕಿವಿಯ ಹಿಂದಿನ ಕೂದಲಲ್ಲಿ. ಸೂರ್ಯ ಸರಿಯಾಗಿ ಭುಜದ ಮೇಲೆ ಬಂದು ಕೂತಿದ್ದಾನೆ. ಅಡಿಬರಹ: 'ಕ್ಯಾಂಡಿಡ್'. ಇನ್ನೂ ಧೈರ್ಯವಂತರು 'ಕ್ಯಾಂಡಿಡ್ ಪೋಸ್' ಎಂದೇ ಬರೆಯುತ್ತಾರೆ. ಆ ಪೋಸು ಕೊಡುವುದು ಹೇಗೆಂದು ಕಲಿಸುವ ವಿಡಿಯೊಗಳೂ ಇವೆ. ಆಶುಕವಿತೆಯನ್ನು ಬಾಯಿಪಾಠ ಮಾಡಿಕೊಂಡು ಬಂದ ಹಾಗೆ.

ಚಿತ್ರ ಚೆನ್ನಾಗಿರಬಹುದು, ಅದರ ಬಗ್ಗೆ ತಕರಾರಿಲ್ಲ. ತಕರಾರು ಪದದ ಬಗ್ಗೆ. ಕ್ಯಾಂಡಿಡ್ ಎನ್ನುವುದು ಚಿತ್ರ ಹೇಗೆ ಕಾಣುತ್ತದೆ ಎಂಬುದರ ಹೆಸರಲ್ಲ, ಅದು ಹೇಗೆ ಸಿಕ್ಕಿತು ಎಂಬುದರ ಹೆಸರು. ಯಾರೂ ಹೇಳದೆ, ಯಾರೂ ಮಾಡಿಸದೆ ತಾನಾಗಿ ನಡೆದದ್ದನ್ನು ನಡೆಯುತ್ತಿದ್ದ ಹೊತ್ತಿಗೇ ಹಿಡಿದಿದ್ದರೆ ಕ್ಯಾಂಡಿಡ್. ಅಡಿಬರಹದಲ್ಲಿ ಆ ಪದ ಹಾಕುವವರು ಚಿತ್ರವನ್ನು ಹೊಗಳುತ್ತಿಲ್ಲ, ಸಾಕ್ಷಿ ಹೇಳುತ್ತಿದ್ದಾರೆ.

ಪದದ ಬೇರು ನೋಡಿದರೆ ಇದು ಇನ್ನೂ ಸ್ಪಷ್ಟ. ಲ್ಯಾಟಿನ್ನಿನಲ್ಲಿ 'ಕಾಂದೇರೆ' ಎಂದರೆ ಬೆಳ್ಳಗೆ ಹೊಳೆಯುವುದು. ಅದರಿಂದ 'ಕಾಂದಿದುಸ್', ಅಂದರೆ ಬೆಳ್ಳನೆಯ, ಹೊಳಪುಳ್ಳ. ಕ್ಯಾಂಡಲ್, ಇನ್‌ಕ್ಯಾಂಡಿಸೆಂಟ್ ಬಲ್ಬು, ಷ್ಯಾಂಡಲಿಯರ್ ಎಲ್ಲವೂ ಇದೇ ಬಳಗ. (ಕ್ಯಾಂಡಿ ಮಾತ್ರ ಅಲ್ಲ. ಅದು ನಮ್ಮ 'ಖಂಡ', ಕಲ್ಲುಸಕ್ಕರೆಯ ತುಂಡು, ಪರ್ಷಿಯನ್ನು ಅರಬ್ಬಿ ಸುತ್ತಿ ಬಂದದ್ದು.) ಚುನಾವಣೆಗೆ ನಿಲ್ಲುವ ಕ್ಯಾಂಡಿಡೇಟೂ ಇದೇ ಮನೆಯವನು. ಪ್ರಾಚೀನ ರೋಮಿನಲ್ಲಿ ಪದವಿ ಬೇಡಿ ಹೊರಟವರು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ತೋಗಾ ಎಂಬ ಮೇಲುಹೊದಿಕೆ ಹೊದ್ದು ಬೀದಿಗೆ ಬರುತ್ತಿದ್ದರು. ಬಿಳುಪು ಬಳಿದುಕೊಂಡು ಬರುವ ಚಾಳಿ ಪದದ ಹುಟ್ಟಿನಲ್ಲೇ ಇತ್ತೆಂದು ಕ್ಯಾಂಡಿಡ್ ಪೋಸಿನವರು ವಾದಿಸಬಹುದು. ಅಷ್ಟು ರಿಯಾಯಿತಿ ಕೊಡೋಣ.

ಲ್ಯಾಟಿನ್, ಸಂಸ್ಕೃತ ಎರಡಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯ ಅದೇ ಬೇರಿನ ಇನ್ನೊಂದು ಕವಲು ಸಂಸ್ಕೃತದಲ್ಲಿ 'ಚಂದ್ರ' ಆಯಿತು. ಮೊದಲ ಅರ್ಥ 'ಹೊಳೆಯುವ' ಎಂದಷ್ಟೇ. ಆಕಾಶದ ಚಂದ್ರ ಆಮೇಲೆ. ಅದರ ಹಳೆಯ ರೂಪ 'ಶ್ಚಂದ್ರ'. ಋಗ್ವೇದದ 'ಪುರುಶ್ಚಂದ್ರ', 'ಸುಶ್ಚಂದ್ರ' ಎಂಬ ಸಮಾಸಗಳಲ್ಲಿ ಅದು ಉಳಿದುಕೊಂಡಿದೆ. 'ಹರಿ'ಗೆ 'ಚಂದ್ರ' ಸೇರಿದರೆ 'ಹರಿಚಂದ್ರ' ಆಗಬೇಕಿತ್ತಲ್ಲ, 'ಹರಿಶ್ಚಂದ್ರ'ದ ನಡುವೆ ಈ 'ಶ್' ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಂಡವರಿಗೆ ಉತ್ತರ ಇದೇ. ಪಾಣಿನಿ ಒಂದು ಸೂತ್ರದಲ್ಲಿ ಆ ಹೆಸರನ್ನು ಎತ್ತಿಯೇ ಹೇಳಬೇಕಾಯಿತು. ಹೀಗೆ ಕ್ಯಾಂಡಿಡ್ ಎಂಬ ಪದದ ದೂರದ ದಾಯಾದಿ ಸತ್ಯ ಹರಿಶ್ಚಂದ್ರನ ಹೆಸರಿನೊಳಗೇ ಕೂತಿದೆ. ಕೂದಲಲ್ಲಿ ಕೈಯಿಟ್ಟು ನಿಲ್ಲುವ ಮುಂಚೆ ಇದು ನೆನಪಿರಲಿ.

ಇಂಗ್ಲಿಷಿಗೆ 17ನೇ ಶತಮಾನದಲ್ಲಿ ಬಂದಾಗ ಪದಕ್ಕೆ 'ಬಿಳಿಯ' ಎಂಬ ಅರ್ಥವೇ ಇತ್ತು. ಅಲ್ಲಿಂದ ನಿರ್ಮಲ, ಅಲ್ಲಿಂದ ದ್ವೇಷ ಪಕ್ಷಪಾತ ಇಲ್ಲದ, ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳುವ ಎಂದಾಯಿತು. ಕನ್ನಡದಲ್ಲಿ ಇದಕ್ಕೆ ನಿಷ್ಕಪಟ, ಮುಚ್ಚುಮರೆಯಿಲ್ಲದ ಎನ್ನುತ್ತೇವೆ. ಇಲ್ಲಿಯವರೆಗೆ ಇದು ಮಾತಿನ ಗುಣ. ಚಿತ್ರಕ್ಕೆ ಅಂಟಿಕೊಂಡದ್ದು ಎರಿಕ್ ಸಾಲೊಮನ್ ಎಂಬ ಜರ್ಮನ್ ಛಾಯಾಗ್ರಾಹಕನ ದೆಸೆಯಿಂದ.

ಸಾಲೊಮನ್ ಓದಿದ್ದು ಕಾನೂನು. ಕೈಯಲ್ಲಿದ್ದದ್ದು ಎರ್ಮನಾಕ್ಸ್, 1924ರಲ್ಲಿ ಬಂದ ಪುಟ್ಟ ಗಾಜುಫಲಕದ ಕ್ಯಾಮೆರಾ. ಅದರ ಲೆನ್ಸು ಎಫ್/2, ಮುಂದೆ ಎಫ್/1.8 (ಬೆಳಕು ಒಳಬರುವ ಕಿಂಡಿಯ ಅಳತೆ ಇದು, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಆ ಕಾಲಕ್ಕೆ ಬೆರಗು ಹುಟ್ಟಿಸುವ ಅಗಲ. ಅಲ್ಲಿಯವರೆಗೆ ಒಳಾಂಗಣದ ಚಿತ್ರ ಎಂದರೆ ಮೆಗ್ನೀಸಿಯಂ ಪುಡಿ ಸುಟ್ಟು, ಹೊಗೆಯೆಬ್ಬಿಸಿ, ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೂತು ತೆಗೆಸಿಕೊಂಡದ್ದು. ಸಾಲೊಮನ್ ಇದ್ದ ಬೆಳಕಿನಲ್ಲೇ ತೆಗೆದ. ಕ್ಯಾಮೆರಾಗಳನ್ನು ಒಳಗೇ ಬಿಡದ ನ್ಯಾಯಾಲಯಗಳಿಗೆ 1928ರಿಂದ ಅದನ್ನು ಟೋಪಿಯೊಳಗೆ ಅಡಗಿಸಿ ಒಯ್ದ. 1930ರಲ್ಲಿ ಹೇಗ್ ನಗರದ ಯುದ್ಧಪರಿಹಾರ ಸಮ್ಮೇಳನದಲ್ಲಿ ನಡುರಾತ್ರಿ ಸೋಫಾಗಳ ಮೇಲೆ ತೂಕಡಿಸುತ್ತಿದ್ದ ಮಂತ್ರಿಗಳನ್ನು ಹಿಡಿದ. ಇಂಥ ಕೆಲಸಕ್ಕೆ ಲಂಡನ್ನಿನ 'ದಿ ಗ್ರಾಫಿಕ್' ಪತ್ರಿಕೆ 'ಕ್ಯಾಂಡಿಡ್ ಕ್ಯಾಮೆರಾ' ಎಂದು ಹೆಸರಿಟ್ಟಿತು. ಗಮನಿಸಿ, ಕ್ಯಾಂಡಿಡ್ ಆಗಿದ್ದದ್ದು ಮಂತ್ರಿಗಳಲ್ಲ, ಕ್ಯಾಮೆರಾ. ಕಂಡದ್ದನ್ನು ಕಂಡಂತೆ ಹೇಳಿದ್ದು ಅದು.

ಈಗ ಮುಖ್ಯ ಗೊಂದಲಕ್ಕೆ ಬರೋಣ: ಕ್ಯಾಮೆರಾ ನೋಡದಿದ್ದರೆ ಕ್ಯಾಂಡಿಡ್, ನೋಡಿದರೆ ಅಲ್ಲ ಎಂಬ ನಂಬಿಕೆ. ಇದನ್ನು ಉರುಳಿಸಲು ಸಾಲೊಮನ್ನನ ಒಂದೇ ಚಿತ್ರ ಸಾಕು. 1931ರಲ್ಲಿ ಪ್ಯಾರಿಸ್ಸಿನ ಒಂದು ಔತಣದಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಅರಿಸ್ತೀದ್ ಬ್ರಿಯಾಂ ಈ ಮನುಷ್ಯ ಇಲ್ಲಿಗೂ ಬಂದದ್ದನ್ನು ಕಂಡು ನೇರ ಲೆನ್ಸಿನತ್ತ ಬೆರಳು ಚಾಚಿ ತೋರಿಸುತ್ತಿದ್ದಾನೆ. ಕಣ್ಣೂ ಬೆರಳೂ ಕ್ಯಾಮೆರಾದ ಮೇಲೆಯೇ. ಆದರೂ ಕ್ಯಾಂಡಿಡ್ ಚಿತ್ರಗಳ ಯಾವ ಪಟ್ಟಿಯಿಂದಲೂ ಅದನ್ನು ಬಿಡುವಂತಿಲ್ಲ, ಏಕೆಂದರೆ ಬೆರಳು ತೋರಿಸೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇದಕ್ಕೆ ತದ್ವಿರುದ್ಧ ಉದಾಹರಣೆ ಪ್ರವಾಸದ ಚಿತ್ರಗಳಲ್ಲೇ ಅತಿ ಪ್ರಸಿದ್ಧವಾದದ್ದು. 1951ರ ಆಗಸ್ಟ್‌ನಲ್ಲಿ ಫ್ಲಾರೆನ್ಸ್ ನಗರದಲ್ಲಿ ರೂತ್ ಆರ್ಕಿನ್ ತೆಗೆದ 'ಅಮೆರಿಕನ್ ಗರ್ಲ್ ಇನ್ ಇಟಲಿ'. ಒಂಟಿಯಾಗಿ ನಡೆದು ಹೋಗುತ್ತಿರುವ ಯುವತಿ, ಅವಳನ್ನು ದಿಟ್ಟಿಸುತ್ತಿರುವ ಗಂಡಸರ ಸಾಲು, ಅವರಲ್ಲಿ ಒಬ್ಬನೂ ಕ್ಯಾಮೆರಾ ನೋಡುತ್ತಿಲ್ಲ. ಹೆಂಗಸರು ಒಂಟಿಯಾಗಿ ಪ್ರವಾಸ ಹೋಗುವ ಅನುಭವದ ಮೇಲೆ ಚಿತ್ರಮಾಲೆ ಮಾಡಬೇಕೆಂದು ಆರ್ಕಿನ್, ಆ ಯುವತಿ ಇಬ್ಬರೂ ಮೊದಲೇ ಮಾತಾಡಿಕೊಂಡು ಹೊರಟಿದ್ದರು. ಯುವತಿ ಆ ಮೂಲೆ ದಾಟಿದಾಗ ಗಂಡಸರು ನೋಡಿದ ಬಗೆ ಕಂಡು ಆರ್ಕಿನ್ ಮತ್ತೊಮ್ಮೆ ನಡೆಯಲು ಹೇಳಿದರು. ಕ್ಯಾಮೆರಾ ನೋಡಬೇಡಿ ಎಂದು ಉಳಿದವರಿಗೆ ತಿಳಿಸುವಂತೆ ಸ್ಕೂಟರ್ ಮೇಲಿದ್ದವರಿಗೆ ಹೇಳಿದರು. ತೆಗೆದದ್ದು ಎರಡೇ ಫ್ರೇಮು. ಗಂಡಸರ ನೋಟ ನಿಜ, ಯುವತಿಯ ಪ್ರವಾಸವೂ ನಿಜ, ನಡಿಗೆ ಮಾತ್ರ ಎರಡನೆಯ ಸಲದ್ದು. ದೊಡ್ಡ ಚಿತ್ರ, ಅನುಮಾನವೇ ಇಲ್ಲ. ಕ್ಯಾಂಡಿಡ್ ಅಲ್ಲ, ಅದರಲ್ಲೂ ಅನುಮಾನವಿಲ್ಲ.

ಪ್ಯಾರಿಸ್ಸಿಗೆ ಹೋದವರೆಲ್ಲ ಪೋಸ್ಟರಿನಲ್ಲಿ ಕೊಳ್ಳುವ 1950ರ ಚುಂಬನದ ಚಿತ್ರದ್ದೂ ಇದೇ ಕಥೆ. ಬೀದಿಯಲ್ಲಿ ಅಕಸ್ಮಾತ್ ಕಂಡ ಜೋಡಿ ಎಂದು ಲೋಕ ನಾಲ್ಕು ದಶಕ ನಂಬಿತ್ತು. ಆ ಜೋಡಿ ತಾವೇ ಎಂದು ಬೇರೆ ಇಬ್ಬರು ನ್ಯಾಯಾಲಯಕ್ಕೆ ಹೋದಾಗ, 1990ರ ದಶಕದ ಆರಂಭದಲ್ಲಿ, ಅದನ್ನು ತೆಗೆದ ರೊಬೇರ್ ದುವಾನೊ ಬಾಯಿಬಿಟ್ಟರು: ಚಿತ್ರದಲ್ಲಿದ್ದವರಿಬ್ಬರೂ ನಟನೆ ಕಲಿಯುತ್ತಿದ್ದ ನಿಜವಾದ ಪ್ರೇಮಿಗಳು, ಚಿತ್ರಕ್ಕಾಗಿ ಕೇಳಿ ಒಪ್ಪಿಸಿದ್ದು, ಬೇರೆ ಬೇರೆ ಜಾಗಗಳಲ್ಲಿ ತೆಗೆದ ಸರಣಿಯಲ್ಲಿ ಇದೊಂದು. ಸುಳ್ಳು ಇದ್ದದ್ದು ಚಿತ್ರದಲ್ಲಲ್ಲ, ಅದರ ಸುತ್ತ ಬೆಳೆದ ಮಾತಿನಲ್ಲಿ. ಇಂಥ ವ್ಯಾಜ್ಯ ಬಗೆಹರಿಸುವುದು ಒಂಟಿ ಚಿತ್ರವಲ್ಲ, ಅದರ ಹಿಂದುಮುಂದಿನ ಫ್ರೇಮುಗಳು. ಇಂದಿನ ಕ್ಯಾಮೆರಾದಲ್ಲೂ ಫೈಲುಗಳ ಸಂಖ್ಯೆ, ತೆಗೆದ ಸಮಯ ಎರಡೂ ಉಳಿಯುತ್ತವೆ. ಒಬ್ಬರೇ, ಒಂದೇ ಮೆಟ್ಟಿಲನ್ನು, ನಾಲ್ಕು ನಿಮಿಷದಲ್ಲಿ ಹನ್ನೊಂದು ಸಲ ಇಳಿದಿದ್ದರೆ ಹೆಚ್ಚು ವಿಚಾರಣೆ ಬೇಕಿಲ್ಲ.

ಇನ್ನು 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮಕ್‌ಕರಿ ತೆಗೆದ ಹಸಿರು ಕಣ್ಣಿನ ಹುಡುಗಿಯ ಚಿತ್ರವನ್ನೂ ಕೆಲವರು ಕ್ಯಾಂಡಿಡ್ ಎನ್ನುತ್ತಾರೆ. ಅದು ಭಾವಚಿತ್ರ. ನಿಲ್ಲಿಸಿ, ಬೆಳಕು ನೋಡಿ, ಎದುರುಬದುರಾಗಿ ತೆಗೆದದ್ದು. ಮುಖದಲ್ಲಿ ತೀವ್ರತೆ ಇದ್ದ ಮಾತ್ರಕ್ಕೆ ಪದ ಬದಲಾಗುವುದಿಲ್ಲ.

ಕದ್ದು ತೆಗೆಯುವುದೂ ಕ್ಯಾಂಡಿಡ್ಡೂ ಒಂದೇ ಎಂಬ ಎರಡನೆಯ ಗೊಂದಲಕ್ಕೆ ಅರ್ಧ ಕಾರಣ 1948ರಲ್ಲಿ ಶುರುವಾದ ಅಮೆರಿಕದ 'ಕ್ಯಾಂಡಿಡ್ ಕ್ಯಾಮೆರಾ' ಟಿ.ವಿ. ಕಾರ್ಯಕ್ರಮ. ಅದರಲ್ಲಿ ಬಡಪಾಯಿಗಳನ್ನು ಬೇಸ್ತು ಬೀಳಿಸಿ ಅಡಗಿಸಿಟ್ಟ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಇನ್ನರ್ಧಕ್ಕೆ ಛಾಯಾಗ್ರಾಹಕರೇ ಹೊಣೆ: ಟೋಪಿಯ ಸಾಲೊಮನ್ ಇದ್ದ, 1916ರಲ್ಲಿ ಪಾಲ್ ಸ್ಟ್ರ್ಯಾಂಡ್ ಕ್ಯಾಮೆರಾದ ಪಕ್ಕಕ್ಕೆ ಸುಳ್ಳು ಲೆನ್ಸು ಸಿಕ್ಕಿಸಿ, ಬೇರೆ ಕಡೆ ತೆಗೆಯುವವನಂತೆ ನಿಲ್ಲುತ್ತಿದ್ದ, ವಾಕರ್ ಇವಾನ್ಸ್ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನ ಗುಂಡಿಗಳ ನಡುವಿಂದ ಲೆನ್ಸು ಇಣುಕಿಸಿದ. 'ಮುಚ್ಚುಮರೆಯಿಲ್ಲದ' ಎಂಬರ್ಥದ ಪದಕ್ಕೆ ಇಷ್ಟೊಂದು ಮುಚ್ಚುಮರೆ. ಆದರೆ ಅಡಗುವುದು ಒಂದು ಉಪಾಯ ಮಾತ್ರ, ಲಕ್ಷಣವಲ್ಲ. ಒಂದೇ ಜಾಗದಲ್ಲಿ ಕ್ಯಾಮೆರಾ ಎಲ್ಲರಿಗೂ ಕಾಣುವಂತೆ ಹಿಡಿದು ಇಪ್ಪತ್ತು ನಿಮಿಷ ನಿಂತರೆ ಜನ ತಮ್ಮ ಕೆಲಸಕ್ಕೆ ಮರಳುತ್ತಾರೆ. ಅವರಿಗೆ ನೀವಿರುವುದು ಗೊತ್ತು, ನಿಮಗಾಗಿ ಏನನ್ನೂ ಮಾಡುತ್ತಿಲ್ಲ. ಆಗ ಸಿಕ್ಕಿದ್ದು ಅಪ್ಪಟ ಕ್ಯಾಂಡಿಡ್.

ನಿಜವಾದದ್ದನ್ನು ತೆಗೆಯುವುದು ಕಷ್ಟವೆಂದೇ ಜನ ಪೋಸಿಗೆ ಹೋಗುತ್ತಾರೆ. ಕಷ್ಟದ ಬಹುಪಾಲು ಫೋಕಸ್ಸಿನದು. ಆಟೋಫೋಕಸ್ ಹುಡುಕಾಡುವ ಅರೆಕ್ಷಣದಲ್ಲಿ ನಗು ಮುಗಿದಿರುತ್ತದೆ. ಅದಕ್ಕೇ ಹಳಬರು ಮೊದಲೇ ದೂರ ಕಟ್ಟಿಟ್ಟುಕೊಳ್ಳುತ್ತಾರೆ. ಫುಲ್‌ಫ್ರೇಮ್ (ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾ, 35 ಮಿ.ಮೀ. ಲೆನ್ಸು, ಎಫ್/8, ಫೋಕಸ್ ಕೈಯಾರೆ 3 ಮೀಟರಿಗೆ: ಸುಮಾರು 1.9 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಇನ್ನು ಫೋಕಸ್ ಮುಟ್ಟುವ ಹಾಗೇ ಇಲ್ಲ. ಶಟರ್ 1/250 ಸೆಕೆಂಡು, ಎದುರಿಗೆ ಅಡ್ಡಲಾಗಿ ನಡೆಯುವವರಿದ್ದರೆ 1/500. 1/60ಕ್ಕೆ ಇಳಿದರೆ ಹೆಜ್ಜೆಯಿಡುವ ಕಾಲು ಕಲಸಿಹೋಗುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಆಟೋದಲ್ಲಿ ಬಿಟ್ಟು ಮೇಲಿನ ಮಿತಿ ಕಟ್ಟಿ. ಸಂಜೆಯ ಕಾಳುಕಾಳು ಚಿತ್ರವನ್ನು ಸಹಿಸಬಹುದು, ಅಲುಗಿದ ಮುಖವನ್ನಲ್ಲ.

ಫ್ಲಾಶ್ ಆರಿಸುವುದು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಫೋಕಸ್‌ಗೆ ನೆರವಾಗಲು ಮುಂದೆ ಹೊತ್ತಿಕೊಳ್ಳುವ ಪುಟ್ಟ ಕಿತ್ತಳೆ ದೀಪವನ್ನು. ಕತ್ತಲೆಯ ಮೂಲೆಯಲ್ಲಿ ಅದು ಡಂಗುರ ಸಾರಿದಂತೆ. ಬೀಪ್ ಸದ್ದನ್ನೂ ನಿಲ್ಲಿಸಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಒಳ್ಳೆಯದೇ, ಆದರೆ ವೇಗವಾಗಿ ಹೋಗುವ ವಾಹನ ಓರೆಯಾಗಿ ಬರುತ್ತದೆ, ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. ಪಟ್ಟೆ ಕಂಡ ಕೂಡಲೇ ಯಾಂತ್ರಿಕ ಶಟರಿಗೆ ಮರಳಿ. ಫೋನಿನಲ್ಲಾದರೆ ಪೋರ್ಟ್ರೇಟ್ ಮೋಡ್ ಬೇಡ. ಅದು ಲೆಕ್ಕ ಹಾಕುವಷ್ಟರಲ್ಲಿ ಕ್ಷಣ ದಾಟಿರುತ್ತದೆ, ಕೂದಲಿನ ಅಂಚೂ ಕತ್ತರಿಸಿ ಅಂಟಿಸಿದಂತೆ ಬರುತ್ತದೆ. ತೆರೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸನ್ನೂ ಬೆಳಕನ್ನೂ ಕಟ್ಟಿಟ್ಟು, ಬರ್ಸ್ಟ್‌ನಲ್ಲಿ, ಅಂದರೆ ಒಂದರ ಹಿಂದೊಂದು ಸಾಲಾಗಿ, ತೆಗೆಯಿರಿ.

200 ಮಿ.ಮೀ. ಲೆನ್ಸಿನಲ್ಲಿ ರಸ್ತೆಯ ಆಚೆಯಿಂದ ತೆಗೆದದ್ದೂ ಕ್ಯಾಂಡಿಡ್ಡೇ, ನಿಯಮದ ಪ್ರಕಾರ. ಆದರೆ ಅಷ್ಟು ದೂರದಿಂದ ಮುಖ ಒಂದೇ ಉಳಿದು ಊರು ಮಸುಕಾಗುತ್ತದೆ. ಪ್ರವಾಸದ ಚಿತ್ರದಲ್ಲಿ ಊರೇ ಹೋದ ಮೇಲೆ ಅಷ್ಟು ದೂರ ಹೋದದ್ದೇಕೆ?

ಸರಣಿಯ ಮೊದಲ ಫ್ರೇಮನ್ನು ಕಾಪಾಡಿಕೊಳ್ಳಿ. ಎರಡನೆಯದಕ್ಕೆ ಭುಜ ನೆಟ್ಟಗಾಗಿರುತ್ತದೆ, ಮೂರನೆಯದಕ್ಕೆ ಕೈ ಕೂದಲಿಗೆ ಹೋಗಿರುತ್ತದೆ. ಮೊದಲನೆಯದು ತಪ್ಪಿತೆಂದು 'ಇನ್ನೊಂದು ಸಲ ಹಾಗೇ ನಗಿ' ಎಂದು ಕೇಳಿದರೆ ಚಿತ್ರ ಸಿಗಬಹುದು, ಪದ ಕೈತಪ್ಪುತ್ತದೆ. ಚಿತ್ರ ಸಿಕ್ಕ ಮೇಲೆ ಹೋಗಿ ತೋರಿಸಿ ಒಪ್ಪಿಗೆ ಕೇಳುವುದರಿಂದ ಮಾತ್ರ ಕ್ಯಾಂಡಿಡ್‌ತನಕ್ಕೆ ಕುಂದಿಲ್ಲ, ಏಕೆಂದರೆ ಕ್ಷಣ ಆಗಲೇ ಮುಗಿದಿದೆ. ಅವರು ಬೇಡವೆಂದರೆ ಅವರ ಎದುರಿಗೇ ಅಳಿಸಿ. ಮಕ್ಕಳದ್ದಾದರೆ ಜೊತೆಯಲ್ಲಿರುವ ದೊಡ್ಡವರನ್ನು ಕೇಳಿ.

ಸ್ನ್ಯಾಪ್‌ಶಾಟ್ ಬೇರೆ. ಅದು ಬೇಟೆಯ ಮಾತು, ಸರಿಯಾಗಿ ಗುರಿಯಿಡದೆ ಥಟ್ಟನೆ ಹಾರಿಸಿದ ಗುಂಡು. ಕ್ಯಾಮೆರಾಕ್ಕೆ ಅನ್ವಯಿಸಿ 1860ರಲ್ಲಿ ಬಳಸಿದ್ದು ಜಾನ್ ಹರ್ಷೆಲ್. ಅದು ಆತುರವನ್ನು ಹೇಳುತ್ತದೆಯೇ ಹೊರತು ಪ್ರಾಮಾಣಿಕತೆಯನ್ನಲ್ಲ, ಪೋಸು ಕೊಟ್ಟವರ ಸ್ನ್ಯಾಪ್‌ಶಾಟ್ ಧಾರಾಳವಾಗಿ ಇರುತ್ತದೆ. ಸ್ಟ್ರೀಟ್ ಫೋಟೋಗ್ರಫಿ ಜಾಗದ ಹೆಸರು. ಹಾಗಾದರೆ ಬೆಟ್ಟದ ಅಂಚಿನ ಆ ಚಿತ್ರಕ್ಕೆ ಏನೆನ್ನಬೇಕು? 'ಪೋಸು' ಎನ್ನಿ, ಅದರಲ್ಲಿ ಅವಮಾನವೇನಿಲ್ಲ. ಮತ್ತೊಮ್ಮೆ ನಡೆಸಿ ತೆಗೆದಿದ್ದರೆ 'ಮತ್ತೊಮ್ಮೆ ನಡೆಸಿ ತೆಗೆದದ್ದು' ಎಂದೇ ಬರೆಯಬಹುದು, ಮೂರೇ ಪದ. ಒಟ್ಟು ನೋಟ ನಿರಾಳವಾಗಿದೆ ಎನ್ನಬೇಕಿದ್ದರೆ 'ಸಹಜವಾಗಿದೆ' ಎನ್ನಲು ಅಡ್ಡಿಯಿಲ್ಲ, ಸಹಜವಾಗಿ ಕಾಣುವುದನ್ನು ಅಭ್ಯಾಸ ಮಾಡಬಹುದು.