ಒಂದೇ ಆಟ, ಊರಿಗೊಂದು ಜಾತ್ರೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಶನಿವಾರಗಳು

ಎಂ.ಎಸ್. ಓದಲೆಂದು ಆಗಸ್ಟಿನಲ್ಲಿ ಅಮೆರಿಕಕ್ಕೆ ಹೋಗಿಳಿಯುವ ನಮ್ಮ ಹುಡುಗ ಹುಡುಗಿಯರಿಗೆ ತಿಂಗಳೊಳಗೇ ಒಂದು ಶನಿವಾರ ದಿಗಿಲು ಹುಟ್ಟಿಸುತ್ತದೆ. ವಾರವಿಡೀ ಬಿಕೋ ಎನ್ನುತ್ತಿದ್ದ ಊರಿನಲ್ಲಿ ಬೆಳಿಗ್ಗೆ ಏಳಕ್ಕೇ ಟ್ರಾಫಿಕ್ ಜಾಮ್. ಲ್ಯಾಬಿನ ಪಕ್ಕ ದಿನಾ ಕಾರು ನಿಲ್ಲಿಸುವ ಜಾಗದಲ್ಲಿ ಯಾರೋ ಅಜ್ಜ ಒಲೆ ಹೂಡಿ ಮಾಂಸ ಸುಡುತ್ತಿದ್ದಾನೆ. ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಎಲ್ಲರದೂ ಒಂದೇ ಬಣ್ಣದ ಅಂಗಿ. ವಿಚಾರಿಸಿದರೆ ಸಿಗುವ ಉತ್ತರ ಎರಡೇ ಪದ: ಗೇಮ್ ಡೇ.

ಹೆಸರು ಫುಟ್‌ಬಾಲ್ ಆದರೂ ಚೆಂಡು ಬಹುಪಾಲು ಕೈಯಲ್ಲೇ ಇರುವ ಆಟ ಇದು. ನಿಯಮ ಎಲ್ಲ ಕಡೆ ಒಂದೇ, ಮೈದಾನದ ಅಳತೆಯೂ ಒಂದೇ. ಆದರೆ ಒಂದು ಕ್ಯಾಂಪಸ್‌ನ ಶನಿವಾರ ಇನ್ನೊಂದರಂತೆ ಇರುವುದಿಲ್ಲ. ಯಾವ ಕ್ಯಾಂಪಸ್ಸಿನದು ಹೆಚ್ಚು ಸೊಗಸು ಎಂಬ ಜಗಳ ಅಲ್ಲಿ ವರ್ಷವಿಡೀ ನಡೆಯುತ್ತದೆ. ನನಗೆ ಆ ಜಗಳಕ್ಕಿಂತ ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಕುತೂಹಲ.

ಮೊದಲ ಕಾಲೇಜು ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿಯಲ್ಲಿ. ಕಡೆಗೆ 25 ಹುಡುಗರು. ಪ್ರಿನ್ಸ್‌ಟನ್ ವಿರುದ್ಧ ರಟ್ಗರ್ಸ್ 6–4ರಿಂದ ಗೆದ್ದಿತು. ನೋಡಲು ಬಂದವರು ನೂರರ ಆಸುಪಾಸು. ಮುಂದಿನ ಮೂವತ್ತು ವರ್ಷಗಳಲ್ಲಿ ಅದು ಪೂರ್ವ ಕರಾವಳಿಯ ಸಿರಿವಂತ ಕಾಲೇಜುಗಳ ಹುಚ್ಚಾಯಿತು. 1903ರಲ್ಲಿ ಹಾರ್ವರ್ಡ್ ಕಾಂಕ್ರೀಟಿನ ದೊಡ್ಡ ಕ್ರೀಡಾಂಗಣವನ್ನೇ ಕಟ್ಟಿತು. 1905ರ ಹಂಗಾಮಿನಲ್ಲಿ ಪೆಟ್ಟು ತಿಂದು ಹದಿನೈದಕ್ಕೂ ಹೆಚ್ಚು ಹುಡುಗರು ಸತ್ತಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತಾಡಬೇಕಾಯಿತು. ಗುಂಪುಗೂಡಿ ನುಗ್ಗುವುದನ್ನು ತಪ್ಪಿಸಲು ಮೈದಾನವನ್ನು ಅಗಲ ಮಾಡೋಣ ಎಂಬ ಸಲಹೆಯೂ ಬಂತು. ಹಾರ್ವರ್ಡಿನ ಕಾಂಕ್ರೀಟು ಅದಕ್ಕೆ ಜಾಗ ಬಿಡಲಿಲ್ಲ. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಇವತ್ತು ಜನ ಕುರ್ಚಿ ಬಿಟ್ಟು ಏಳುವುದು ಆ ಎಸೆತಕ್ಕೇ.

ಆಟ ಜಾತ್ರೆಯಾದದ್ದು ಮಾತ್ರ ಒಳನಾಡಿನಲ್ಲಿ. 1862ರ ಮೊರಿಲ್ ಕಾಯ್ದೆ ರಾಜ್ಯಗಳಿಗೆ ಜಮೀನು ಕೊಟ್ಟು, ಬೇಸಾಯ ಮತ್ತು ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳನ್ನು ಹುಟ್ಟುಹಾಕಿಸಿತ್ತು. ಅವುಗಳಲ್ಲಿ ಹಲವು ಇದ್ದದ್ದು ಸಣ್ಣ ಊರುಗಳಲ್ಲಿ, ಹೊಲಗಳ ನಡುವೆ. ವೃತ್ತಿಪರ ತಂಡವಿಲ್ಲದ ರಾಜ್ಯಕ್ಕೆ ಕಾಲೇಜು ತಂಡವೇ ಮನೆದೇವರು. ಮೊದಲ ಮಹಾಯುದ್ಧ ಮುಗಿದ ಮೇಲೆ, ಮಡಿದವರ ಹೆಸರಿನಲ್ಲಿ ಚಂದಾ ಎತ್ತಿ ಅನೇಕ ವಿಶ್ವವಿದ್ಯಾಲಯಗಳು ‘ಮೆಮೋರಿಯಲ್ ಸ್ಟೇಡಿಯಂ’ ಕಟ್ಟಿಕೊಂಡವು. ನೆಬ್ರಾಸ್ಕಾದ್ದು 1923ರದು, 1962ರಿಂದ ಅಲ್ಲಿ ಒಂದು ಪಂದ್ಯದ ಟಿಕೆಟ್ಟೂ ಉಳಿದಿಲ್ಲ ಎನ್ನುತ್ತದೆ ಅವರ ಲೆಕ್ಕ. ಪಂದ್ಯದ ದಿನ ಆ ಕ್ರೀಡಾಂಗಣವೇ ರಾಜ್ಯದ ಮೂರನೇ ದೊಡ್ಡ ‘ಊರು’. ಮಿಷಿಗನ್‌ನಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ಫೀಲ್ಡಿಂಗ್ ಯೋಸ್ಟ್ 1927ರಲ್ಲಿ 72,000 ಜನರಿಗೆ ಕಟ್ಟಿಸಿದರೂ ಮುಂದೆ ಲಕ್ಷ ದಾಟಿಸಬಹುದಾದಷ್ಟು ಗಟ್ಟಿ ಅಡಿಪಾಯ ಹಾಕಿಸಿದ್ದ. ಈಗ ಅಲ್ಲಿ 1,07,601 ಆಸನಗಳಿವೆ.

ಉಳಿದದ್ದನ್ನು ಆಯಾ ಊರಿನ ಹವೆ, ನೀರು, ಮರ ತೀರ್ಮಾನಿಸಿದವು. ಟೆನೆಸ್ಸಿಯ ಕ್ರೀಡಾಂಗಣ ಹೊಳೆಯ ದಂಡೆಯ ಮೇಲಿದೆ. 1962ರಲ್ಲಿ ರೇಡಿಯೋ ವೀಕ್ಷಕ ವಿವರಣೆಗಾರ ಜಾರ್ಜ್ ಮೂನಿ ಟ್ರಾಫಿಕ್ಕಿನ ಗೋಜು ಬೇಡವೆಂದು ದೋಣಿಯಲ್ಲಿ ಬಂದ. ಇವತ್ತು ಅಲ್ಲಿ ದೋಣಿಗಳ ಸಾಲೇ ತಂಗುತ್ತದೆ. ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ ಸೆಕೆ ಜಾಸ್ತಿ, ಶನಿವಾರ ಹಗಲು ದುಡಿಯುವ ಜನವೂ ಜಾಸ್ತಿ. ಹಾಗಾಗಿ ಅಲ್ಲಿಯ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ (ಎಲ್‌ಎಸ್‌ಯು) 1931ರಲ್ಲೇ ದೀಪ ಹಾಕಿ ರಾತ್ರಿ ಆಡತೊಡಗಿತು. 1988ರ ಅಕ್ಟೋಬರ್ 8ರ ರಾತ್ರಿ ಕೊನೆ ಗಳಿಗೆಯಲ್ಲಿ ಆಬರ್ನ್ ತಂಡವನ್ನು 7–6ರಿಂದ ಮಣಿಸಿದಾಗ ಎದ್ದ ಕೂಗು, ಕುಣಿತ ಕ್ಯಾಂಪಸ್ಸಿನ ಭೂಕಂಪ ಮಾಪಕದ ಕಾಗದದ ಮೇಲೆ ಗೀರಾಗಿ ಮೂಡಿತು.

ಅದೇ ಊರಿನ ಉತ್ತರ ಭಾಗದಲ್ಲಿ ಇನ್ನೊಂದು ವಿಶ್ವವಿದ್ಯಾಲಯವಿದೆ: ಸದರ್ನ್. ವರ್ಣಭೇದದ ಕಾಲದಲ್ಲಿ ಕರಿಯರಿಗೆಂದೇ ಹುಟ್ಟಿದ್ದು. ಬೇರೆ ಕಡೆ ಅರ್ಧ ಆಟ ಮುಗಿದೊಡನೆ ಜನ ತಿಂಡಿಗೆ ಸಾಲು ಹಚ್ಚುತ್ತಾರೆ. ಇಲ್ಲಿ ಆಗಲೇ ಯಾರೂ ಅಲ್ಲಾಡುವುದಿಲ್ಲ. ‘ಹ್ಯೂಮನ್ ಜೂಕ್‌ಬಾಕ್ಸ್’ ಎಂಬ ಬ್ಯಾಂಡು ಮೈದಾನಕ್ಕಿಳಿಯುವ ಹೊತ್ತು ಅದು. ಗ್ರ್ಯಾಂಬ್ಲಿಂಗ್ ತಂಡದೊಂದಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ 1974ರಿಂದ ನಡೆಯುವ ‘ಬಾಯೂ ಕ್ಲಾಸಿಕ್’ಗೆ ಹೋದವರಲ್ಲಿ ಪಂದ್ಯದ ಸ್ಕೋರ್ ಮರೆತವರಿದ್ದಾರು, ಯಾವ ಬ್ಯಾಂಡು ಮೇಲುಗೈ ಸಾಧಿಸಿತು ಎಂಬುದನ್ನು ಮರೆಯುವವರಿಲ್ಲ.

ಎಲ್ಲರೂ ಹೊಗಳುವ ಜಾಗ ಮಿಸಿಸಿಪ್ಪಿಯ ಆಕ್ಸ್‌ಫರ್ಡ್. ‘ಓಲ್ ಮಿಸ್’ ಎಂದು ಕರೆಯುವ ಆ ವಿಶ್ವವಿದ್ಯಾಲಯದ ನಡುವೆ ಸುಮಾರು ಹತ್ತು ಎಕರೆಯ ಮರದ ತೋಪಿದೆ, ‘ದಿ ಗ್ರೋವ್’. ಬೇರೆಡೆ ಟೇಲ್‌ಗೇಟಿಂಗ್ ಎಂದರೆ ಕಾರಿನ ಹಿಂಬಾಗಿಲನ್ನೇ ಮೇಜು ಮಾಡಿಕೊಂಡು ತಿನ್ನುವುದು, ಕುಡಿಯುವುದು. ಇಲ್ಲಿ ಓಕ್ ಮರಗಳ ಕೆಳಗೆ ಟೆಂಟು. ಟೆಂಟಿನೊಳಗೆ ಬಿಳಿ ಹಾಸಿನ ಮೇಜು, ಬೆಳ್ಳಿ ತಟ್ಟೆ, ಮೇಲೆ ತೂಗುವ ಷಾಂಡೆಲಿಯರ್. ಕಸ ಹಾಕಲು ಇಡುವ ಡ್ರಮ್ಮುಗಳಿಗೂ ತಂಡದ ಕೆಂಪು, ನೀಲಿ ಬಣ್ಣ. ಪಂದ್ಯ ಸೋತಿರಬಹುದು, ಪಾರ್ಟಿ ಮಾತ್ರ ಸೋತಿಲ್ಲ ಎಂಬುದು ಅಲ್ಲಿಯವರ ಹಳೆಯ ಮಾತು.

ಆದರೆ ಆ ತೋಪಿನ ಪಕ್ಕದ ಲೈಸಿಯಂ ಕಟ್ಟಡದ ಮುಂದೆಯೇ 1962ರ ಸೆಪ್ಟೆಂಬರ್ 30ರ ರಾತ್ರಿ ಗಲಭೆ ನಡೆದು ಇಬ್ಬರು ಸತ್ತರು. ಜೇಮ್ಸ್ ಮೆರೆಡಿತ್ ಎಂಬ ಕರಿಯ ವಿದ್ಯಾರ್ಥಿ ಸೇರುವುದನ್ನು ತಡೆಯಲು ನಡೆದ ಗಲಭೆ ಅದು. ಹಿಂದಿನ ರಾತ್ರಿಯಷ್ಟೇ ಜಾಕ್ಸನ್ ನಗರದಲ್ಲಿ ಓಲ್ ಮಿಸ್ ಪಂದ್ಯದ ವಿರಾಮದಲ್ಲಿ ಗವರ್ನರ್ ರಾಸ್ ಬಾರ್ನೆಟ್ ಮೈಕ್ ಹಿಡಿದು ಪ್ರೇಕ್ಷಕರನ್ನು ಹುರಿದುಂಬಿಸಿದ್ದ. ಗ್ಯಾಲರಿಯ ತುಂಬ ಕಾನ್ಫೆಡರೇಟ್ ಬಾವುಟ, ಅಂದರೆ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟ. ಆ ಬಾವುಟಗಳನ್ನು ಸ್ಟೇಡಿಯಮ್ಮಿನಿಂದ ಹೊರಗಿಡಲು 1997ರಲ್ಲಿ ವಿಶ್ವವಿದ್ಯಾಲಯ ಹುಡುಕಿದ ದಾರಿ ತಮಾಷೆಯದು. ಬಾವುಟದ ಸುದ್ದಿಗೇ ಹೋಗದೆ, ಒಳಗೆ ಕೋಲು ತರಬಾರದು ಎಂದಿತು. ಗ್ರೋವ್‌ನ ಅಂದವನ್ನು ಬಣ್ಣಿಸುವವರು ಷಾಂಡೆಲಿಯರ್ ಬಗ್ಗೆ ಬರೆಯುವಷ್ಟು ಇದರ ಬಗ್ಗೆ ಬರೆಯುವುದಿಲ್ಲ.

ಶಿಕಾಗೊ ವಿಶ್ವವಿದ್ಯಾಲಯದ್ದು ತದ್ವಿರುದ್ಧ ದಾರಿ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 1935ರಲ್ಲಿ ಮೊಟ್ಟಮೊದಲು ಪಡೆದ ಜೇ ಬರ್‌ವಾಂಗರ್ ಅಲ್ಲಿಯ ಹುಡುಗ. ನಾಲ್ಕೇ ವರ್ಷದಲ್ಲಿ, ಓದಿಗೆ ಅಡ್ಡಿ ಎಂದು ಆ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು. ಖಾಲಿ ಬಿದ್ದ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿಯ ತಂಡ ಮನುಷ್ಯ ನಿರ್ಮಿತ ಮೊದಲ ಪರಮಾಣು ಸರಣಿ ಕ್ರಿಯೆ ನಡೆಸಿತು. ಆಮೇಲೆ ಆ ಮೈದಾನದ ಜಾಗದಲ್ಲಿ ಗ್ರಂಥಾಲಯ ಎದ್ದಿತು. ಫುಟ್‌ಬಾಲ್ 1969ರಲ್ಲಿ ಸಣ್ಣ ಮಟ್ಟದಲ್ಲಿ ಮರಳಿತು, ಜಾತ್ರೆ ಮರಳಲಿಲ್ಲ.

ಈ ವೈವಿಧ್ಯಕ್ಕೆ ಈಗ ಕತ್ತರಿ ಹಾಕುತ್ತಿರುವುದು ಟಿ.ವಿ. ಗೇಟಿನ ವಸೂಲಿ ಬಿದ್ದುಹೋದೀತು ಎಂದು ಹೆದರಿ, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ ಬಹುಕಾಲ ನೇರ ಪ್ರಸಾರವನ್ನು ಬಿಗಿಹಿಡಿದಿತ್ತು. 1984ರಲ್ಲಿ ಸುಪ್ರೀಂ ಕೋರ್ಟ್ 7–2ರ ತೀರ್ಪಿನಲ್ಲಿ ಆ ಹಿಡಿತ ಬಿಡಿಸಿತು. ಕಾಲೇಜುಗಳ ಒಕ್ಕೂಟಗಳು ಹಕ್ಕುಗಳನ್ನು ತಾವೇ ಮಾರತೊಡಗಿದವು. ದುಡ್ಡು ಸುರಿಯಿತು, ಗಡಿಯಾರ ಚಾನೆಲ್‌ಗಳ ಕೈಗೆ ಹೋಯಿತು. ಎಷ್ಟೋ ಪಂದ್ಯಗಳು ಹಗಲೋ ರಾತ್ರಿಯೋ ಎಂಬುದು ಗೊತ್ತಾಗುವುದೇ ಹನ್ನೆರಡು ದಿನ, ಒಮ್ಮೊಮ್ಮೆ ಆರು ದಿನ ಮುಂಚೆ. ರಾತ್ರಿಗೆಂದೇ ಬೆಳೆದ ಜಾತ್ರೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಮಾಡಿ ಎಂದರೆ ಮಾಡಬೇಕು. 2024ರಲ್ಲಿ ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು ‘ಬಿಗ್ ಟೆನ್’ ಸೇರಿದವು. ಅದೇ ಒಕ್ಕೂಟದಲ್ಲಿ ರಟ್ಗರ್ಸ್ ಇದೆ, ಸುಮಾರು 4,000 ಕಿಲೋಮೀಟರ್ ಆಚೆ. ನೆರೆಯೂರಿನವರು ದೋಣಿಯಲ್ಲೋ ಕಾರಲ್ಲೋ ಬರುವ ಮಾತು ಅಲ್ಲಿಗೆ ಮುಗಿಯಿತು.

ಗಡಿಯಾರದಲ್ಲಿ ಅರವತ್ತು ನಿಮಿಷದ ಆಟ ಜಾಹೀರಾತು, ವಿರಾಮ ಎಲ್ಲ ಸೇರಿ ಮೂರೂವರೆ ಗಂಟೆಯವರೆಗೂ ಎಳೆಯುತ್ತದೆ. ಆಟಗಾರರು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಾರೆ. ಹೊಸ ಆಚರಣೆಗಳು ಹುಟ್ಟುತ್ತಿರುವುದು ಈ ಬಿಡುವಿನಲ್ಲೇ. ವಿಸ್ಕಾನ್ಸಿನ್‌ನಲ್ಲಿ ಮೂರನೇ ಕ್ವಾರ್ಟರ್ ಮುಗಿದಾಗ ಒಂದು ಹಾಡು ಹಾಕಿ ಇಡೀ ಗ್ಯಾಲರಿ ಜಿಗಿಯುವುದು 1998ರಿಂದ ರೂಢಿ. 2003ರಲ್ಲಿ ಕಟ್ಟಡ ಅಲುಗುವ ಭಯದಿಂದ ಅಧಿಕಾರಿಗಳು ಅದನ್ನು ನಿಲ್ಲಿಸಿದರು, ವಿದ್ಯಾರ್ಥಿಗಳು ಬಿಡಲಿಲ್ಲ.

ಅಯೊವಾದಲ್ಲಿ ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡ ಕ್ರೀಡಾಂಗಣದ ಎದುರಿಗೇ ಎದ್ದಿತು. ಮೇಲಿನ ಮಹಡಿಯ ಗಾಜಿನ ಗೋಡೆಯಿಂದ ಮೈದಾನ ಪೂರ್ತಿ ಕಾಣುತ್ತದೆ. 2017ರಿಂದ, ಮೊದಲ ಕ್ವಾರ್ಟರ್ ಮುಗಿದೊಡನೆ ಸುಮಾರು 69 ಸಾವಿರ ಜನ ಮೈದಾನಕ್ಕೆ ಬೆನ್ನು ತಿರುಗಿಸಿ ಆ ಕಿಟಕಿಗಳತ್ತ ಕೈಬೀಸುತ್ತಾರೆ. ರಾತ್ರಿ ಪಂದ್ಯವಾದರೆ ಮೊಬೈಲಿನ ಬೆಳಕು. ಎದುರು ತಂಡದವರೂ ಬೀಸುತ್ತಾರೆ, ರೆಫರಿಗಳೂ ಬೀಸುತ್ತಾರೆ. ಮೇಲೆ ಗಾಜಿಗೆ ಅಂಟಿ ನಿಂತ ಮಕ್ಕಳು, ಪಕ್ಕದಲ್ಲಿ ಅಪ್ಪ ಅಮ್ಮ, ತಿರುಗಿ ಬೀಸುತ್ತಾರೆ. ಆಮೇಲೆ ಶಿಳ್ಳೆ ಊದಿ ಎರಡನೇ ಕ್ವಾರ್ಟರ್ ಶುರು ಮಾಡುತ್ತಾರೆ.