ತಾಪಿಯೋನ ಮನೆಯಲ್ಲಿ ಯಾರ್ಯಾರು?

ಫಿನ್ಲೆಂಡಿನ ಕಾಡಿನ ದೇವರುಗಳ ಬಗ್ಗೆ ಓದಲು ಹೊರಟರೆ ಮೊದಲು ಒಂದು ಅಚ್ಚುಕಟ್ಟಾದ ಸಂಸಾರ ಸಿಗುತ್ತದೆ. ಯಜಮಾನ ತಾಪಿಯೋ, ಹೆಂಡತಿ ಮಿಯೆಲಿಕ್ಕಿ, ಮಗ ನ್ಯೂರಿಕ್ಕಿ, ಹೆಣ್ಣುಮಕ್ಕಳು ತೆಲ್ಲೆರ್ವೊ ಮತ್ತು ತೂಲಿಕ್ಕಿ. ಇನ್ನೊಂದು ಕಡೆ ನೋಡಿದರೆ ಮಿಯೆಲಿಕ್ಕಿ ಕಾಡಿನ ಸೊಸೆ! ಗೊಂದಲ ಶುರುವಾಗುವುದೇ ಇಲ್ಲಿ.

1551ರಲ್ಲಿ ಮಿಕಾಯೆಲ್ ಅಗ್ರಿಕೋಲ ಎಂಬ ಕ್ರೈಸ್ತ ಪಾದ್ರಿ ಬೈಬಲ್‌ನ ಕೀರ್ತನೆಗಳನ್ನು ಫಿನ್ನಿಶ್ ಭಾಷೆಗೆ ತಂದರು. ಅದರ ಮುನ್ನುಡಿಯಲ್ಲಿ ಜನರ ಹಳೆಯ ದೇವರುಗಳನ್ನು ಪಟ್ಟಿ ಮಾಡಿದರು, ಬೈಯುವುದಕ್ಕೇ ಅನ್ನಿ. ಹಾಮೆ ಸೀಮೆಯವರಿಗೆ ಕಾಡಿನ ಬೇಟೆ ಕೊಡುವವನು ತಾಪಿಯೋ. ಕರೇಲಿಯಾದವರಿಗೆ ಅಳಿಲು ಕೊಡುವವನು ಬೇರೆ, ಮೊಲ ಕೊಡುವವನು ಬೇರೆ. ಈ ಕಾಡಿನವರ ನಡುವೆ ನಂಟಸ್ತಿಕೆಯ ಮಾತೇ ಇಲ್ಲ. 1789ರಲ್ಲಿ ಗಾನಾಂಡರ್ ಎಂಬುವರ ಫಿನ್ನಿಶ್ ಪುರಾಣಕೋಶ ಬಂತು.

ಆಮೇಲೆ ಬಂದವರು ಎಲಿಯಾಸ್ ಲೋನ್‌ರೂಟ್, ವೃತ್ತಿಯಲ್ಲಿ ಡಾಕ್ಟರು. ಕರೇಲಿಯಾ ಸುತ್ತಿ ಹಾಡು, ಮಂತ್ರ ಬರೆದುಕೊಂಡು, ಹೊಂದಿಸಿ, 1835ರಲ್ಲಿ ‘ಕಲೇವಾಲ’ ಎಂಬ ಮಹಾಕಾವ್ಯ ತಂದರು. 1849ರಲ್ಲಿ ಅದು 22,795 ಸಾಲುಗಳಿಗೆ ಬೆಳೆಯಿತು. ಬೇಟೆಗಾರರ ಮಂತ್ರಗಳು ಅದರಲ್ಲಿ ಲೆಮ್ಮಿಂಕಾಯಿನೆನ್ ಎಂಬ ವೀರನ ಬಾಯಿಗೆ ಬಂದವು.

ಅಸಲಿಗೆ ಅವು ಕಸುಬಿನ ಮಾತುಗಳು. ಕಾಡು ಹೊಗುವ ಮುಂಚೆ ಅದರ ಒಡತಿ ಮಿಯೆಲಿಕ್ಕಿಯನ್ನು ಹೊಗಳಬೇಕು, ಬೆಳ್ಳಿ ಬಂಗಾರದ ಆಸೆ ತೋರಿಸಬೇಕು. ಪದ್ಯದ ಸಾಲಿನಲ್ಲಿ ಮೊದಲಕ್ಷರಗಳು ಕೂಡಬೇಕು. ಹೀಗಾಗಿ ಪ್ರಾಸಕ್ಕಾಗಿಯೂ ನಂಟು ಹುಟ್ಟಿರಬಹುದು: ಕಾಡಿಗೆ ‘ಮೆತ್ಸಾ’, ಸೊಸೆಗೆ ‘ಮಿನಿಯಾ’, ಜೊತೆಗೆ ಮಿಯೆಲಿಕ್ಕಿ. ಹಾಡುವವನಿಗೆ ವಂಶಾವಳಿ ಕಟ್ಟಿಕೊಂಡು ಏನಾಗಬೇಕು? ಬೇಟೆ ಸಿಕ್ಕರೆ ಸಾಕು, ಅಲ್ವಾ?

ಕರಡಿ ವಿಷಯದಲ್ಲಂತೂ ಇನ್ನೂ ನಾಜೂಕು. ಅದರ ನಿಜ ಹೆಸರು ಹೇಳದೆ ‘ಓತ್ಸೊ’ ಎಂದು ಮುದ್ದಾಗಿ ಕರೆಯುತ್ತಿದ್ದರು. ಕೊಂದ ಮೇಲೆ, ‘ನಾನು ಕೊಲ್ಲಲಿಲ್ಲ, ನೀನೇ ಕೊಂಬೆಯಿಂದ ಜಾರಿ ಬಿದ್ದೆ’ ಎಂದು ಹಾಡುತ್ತಿದ್ದರು. ಔತಣ ಮುಗಿದ ಮೇಲೆ ತಲೆಬುರುಡೆಯನ್ನು ಪೈನ್ ಮರಕ್ಕೆ ಏರಿಸುತ್ತಿದ್ದರು. ಈ ಭಯಭಕ್ತಿಯ ಮುಂದೆ ಅಪ್ಪ-ಅಮ್ಮ-ಮಕ್ಕಳ ಪಟ್ಟಿ ಸ್ವಲ್ಪ ಸಪ್ಪೆಯೇ.

ಹೀಸಿಯ ಪಾಡು ಬೇರೆ. ಹಿಂದೆ ಅದು ದೇವರ ಬನದ ಹೆಸರು. ಚರ್ಚು ನೆಲೆಯೂರಿದ ಮೇಲೆ ದೆವ್ವದ ಹೆಸರಾಯಿತು.

20ನೇ ಶತಮಾನಕ್ಕೆ ಸಂಸಾರದ ಚಿತ್ರವೇ ಗಟ್ಟಿಯಾಯಿತು. 1926ರಲ್ಲಿ ಫಿನ್ಲೆಂಡಿನ ಸಂಗೀತಗಾರ ಸಿಬೇಲಿಯಸ್ ‘ತಾಪಿಯೋಲ’, ಅಂದರೆ ತಾಪಿಯೋನ ನೆಲೆ, ಎಂಬ ಸಂಗೀತ ಕೃತಿ ರಚಿಸಿದರು. 1950ರ ದಶಕದಲ್ಲಿ ಅಲ್ಲಿನ ಎಸ್ಪೂ ಊರಿನ ಹೊಸ ಬಡಾವಣೆಗೂ ಅದೇ ಹೆಸರು ಬಂತು. ಆದರೆ 1908ರಿಂದ ಅಚ್ಚಾಗತೊಡಗಿದ ಮೂಲ ಹಾಡುಗಳ ದೊಡ್ಡ ಸಂಗ್ರಹ ಈಗ ಆನ್‌ಲೈನ್‌ನಲ್ಲೇ ಇದೆ. ಮಿಯೆಲಿಕ್ಕಿ ಒಡತಿಯೋ ಸೊಸೆಯೋ ಎಂದು ಅಲ್ಲಿ ಹುಡುಕಿದರೆ ಎರಡಕ್ಕೂ ಸಾಲು ಸಿಗುತ್ತದೆ.