ನಂಬರ್ ಒತ್ತಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ

ಪ್ರಶ್ನೆ: ಇಂಟರ್ನೆಟ್ ಬರುವ ಮೊದಲೇ ಬ್ರಿಟನ್ನಿನ ಜನ ಟಿವಿಯಲ್ಲಿ ಸುದ್ದಿ, ಸ್ಕೋರು, ಹವಾಮಾನ ಎಲ್ಲ ಓದುತ್ತಿದ್ದರಂತೆ. ಪುಟದ ನಂಬರ್ ಒತ್ತಿ ಅರ್ಧ ನಿಮಿಷ ಕಾಯಬೇಕಿತ್ತಂತೆ. ಒಂದೇ ಸಲ ತುಂಬಾ ಜನ ಕೇಳಿದಾಗ ಬಿಬಿಸಿಯ ಕಂಪ್ಯೂಟರ್ ನಿಧಾನವಾಗುತ್ತಿತ್ತಾ?

ಉತ್ತರ: ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಟಿವಿಯಲ್ಲಿ ಓದುವ ಈ ಸೇವೆಯ, ಅಂದರೆ ಟೆಲಿಟೆಕ್ಸ್ಟಿನ, ಹಳೆಯ ಪುಟದ ಚಿತ್ರ ಎಲ್ಲಾದರೂ ಕಂಡರೆ ಸಾಕು, ಕಪ್ಪು ಪರದೆ, ದಪ್ಪ ಹಳದಿ ಅಕ್ಷರ ನೋಡಿ ಎಲ್ಲರಿಗೂ ಖುಷಿ. ಅದರ ಹಿಂದೆಯೇ ‘ಪಾಪ, ಆಗಿನ ಸರ್ವರ್ ಎಷ್ಟು ನಿಧಾನ’ ಅನ್ನುವ ಮಾತು. ಅಲ್ಲಿ ಸರ್ವರ್ ಇರಲಿಲ್ಲ ಸ್ವಾಮಿ. ನೀವು ನಂಬರ್ ಒತ್ತಿದ್ದು ಬಿಬಿಸಿಗೆ ಗೊತ್ತೇ ಆಗುತ್ತಿರಲಿಲ್ಲ.

ಸ್ವಲ್ಪ ಯೋಚನೆ ಮಾಡಿ. ರಿಮೋಟ್ ಮಾತಾಡುವುದು ಎದುರಿಗಿರುವ ಟಿವಿ ಜೊತೆ ಮಾತ್ರ. ಟಿವಿಗೆ ಇರುವುದು ಮಾಡಿನ ಮೇಲಿನ ಆಂಟೆನಾ. ಆಂಟೆನಾ ಕೇಳಿಸಿಕೊಳ್ಳುತ್ತದೆ, ತಿರುಗಿ ಮಾತಾಡುವುದಿಲ್ಲ. ಹಾಗಿದ್ದರೆ ನಿಮ್ಮ ‘302’ ಯಾವ ದಾರಿ ಹಿಡಿದು ಲಂಡನ್ನಿಗೆ ಹೋಗಬೇಕು?

ನಡೆಯುತ್ತಿದ್ದುದು ಇಷ್ಟು. ಆ ಕಾಲದ ಟಿವಿ ಚಿತ್ರ 625 ಗೆರೆಗಳದ್ದು. ಅಷ್ಟೂ ಗೆರೆಗಳಲ್ಲಿ ಚಿತ್ರ ಇರುತ್ತಿರಲಿಲ್ಲ. ಗೆರೆಗಳನ್ನು ಒಂದೊಂದಾಗಿ ಬರೆಯುತ್ತಾ ಪರದೆಯ ಕೆಳಗೆ ಮುಟ್ಟಿದ ಕಿರಣ ಮತ್ತೆ ಮೇಲಕ್ಕೆ ಹೋಗುವುದಕ್ಕೆ ಒಂಚೂರು ಸಮಯ ಬೇಕು. ಆ ಹೊತ್ತಿನ ಕೆಲವು ಗೆರೆಗಳು ಸುಮ್ನೆ ಖಾಲಿ ಹೋಗುತ್ತಿದ್ದವು. ಅಲ್ಲಿ ಅಕ್ಷರ ತುಂಬಿದರೆ ಹೇಗೆ ಅಂತ ಬಿಬಿಸಿಯ ಎಂಜಿನಿಯರ್‌ಗಳು ನೋಡಿದರು. ಒಂದು ಗೆರೆಯಲ್ಲಿ 40 ಅಕ್ಷರದ ಒಂದು ಸಾಲು ಹಿಡಿಸಿತು. ಹೀಗೆ 1974ರ ಸೆಪ್ಟೆಂಬರ್ 23ರಂದು 30 ಪುಟಗಳೊಂದಿಗೆ ಸೀಫ್ಯಾಕ್ಸ್ ಶುರುವಾಯಿತು. ಅಲ್ಲಿನ ಇನ್ನೊಂದು ಚಾನೆಲ್ ಐಟಿವಿ ಕಡೆಯವರದು ಓರಾಕಲ್. ಇಂಥ ಸೇವೆಗಳಿಗೆಲ್ಲ ಒಟ್ಟು ಹೆಸರು ಟೆಲಿಟೆಕ್ಸ್ಟ್.

ಎಲ್ಲ ಪುಟಗಳನ್ನೂ ಒಂದಾದ ಮೇಲೊಂದು ಕಳಿಸುತ್ತಿದ್ದರು, ಮುಗಿದ ಮೇಲೆ ಮತ್ತೆ ಮೊದಲಿನಿಂದ. ನೀವು ಒತ್ತಿದ ನಂಬರಿನ ಪುಟ ಹಾದುಹೋಗುವಾಗ ನಿಮ್ಮ ಟಿವಿ ಅದನ್ನು ಹಿಡಿದು ತೋರಿಸುತ್ತಿತ್ತು. ಈಗ ಕಾಯುವ ಲೆಕ್ಕ. ಕಿರಣ ಸೆಕೆಂಡಿಗೆ 50 ಸಲ ಮೇಲಕ್ಕೆ ಹೋಗುತ್ತದೆ. ಮೊದಮೊದಲು ಪ್ರತಿ ಸಲಕ್ಕೂ ಎರಡು ಗೆರೆ ಬಳಸುತ್ತಿದ್ದರು. ಸೆಕೆಂಡಿಗೆ 100 ಸಾಲು ಆಯಿತು. ಒಂದು ಪುಟಕ್ಕೆ 24 ಸಾಲು. ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 4 ಪುಟ. 100 ಪುಟ ಇದ್ದರೆ ಒಂದು ಸುತ್ತಿಗೆ 25 ಸೆಕೆಂಡ್. ನಿಮ್ಮ ಪುಟ ಈಗತಾನೇ ಹೋಗಿದ್ದರೆ ಪೂರ್ತಿ 25 ಸೆಕೆಂಡ್ ಕಾಯಬೇಕು, ಅದೃಷ್ಟ ಇದ್ದರೆ ತಕ್ಷಣ.

ವಿಮಾನ ನಿಲ್ದಾಣದ ಲಗೇಜ್ ಬೆಲ್ಟ್ ನೆನಪಿಸಿಕೊಳ್ಳಿ. ಪೆಟ್ಟಿಗೆಗಳು ಅವುಗಳ ಪಾಡಿಗೆ ಸುತ್ತುತ್ತಿರುತ್ತವೆ. ಪಕ್ಕದಲ್ಲಿ ಹತ್ತು ಜನ ನಿಂತರೂ ಸಾವಿರ ಜನ ನಿಂತರೂ ಬೆಲ್ಟ್ ಓಡುವ ವೇಗ ಬದಲಾಗುವುದಿಲ್ಲ. ಟೆಲಿಟೆಕ್ಸ್ಟಿನಲ್ಲಿ ಇನ್ನೂ ಒಂದು ಅನುಕೂಲ. ಒಬ್ಬರು ಪೆಟ್ಟಿಗೆ ಎತ್ತಿಕೊಂಡರೂ ಅದು ಉಳಿದವರಿಗೂ ಹಾಗೇ ಸಿಗುತ್ತದೆ. ಇಡೀ ದೇಶ ಒಂದೇ ಕ್ಷಣದಲ್ಲಿ ಫುಟ್‌ಬಾಲ್ ಪುಟ ತೆರೆದರೂ ಒಂದು ಸೆಕೆಂಡೂ ತಡವಾಗುತ್ತಿರಲಿಲ್ಲ. ಅದೇ ಕೆಲಸಕ್ಕೆ ಇವತ್ತಿನ ವೆಬ್‌ಸೈಟುಗಳು ಏದುಸಿರು ಬಿಡುತ್ತವೆ, ಅಲ್ವಾ?

ಹಾಗಿದ್ದರೆ ಜನ ಯಾಕೆ ತಪ್ಪು ತಿಳಿದರು? ಮೊದಲ ಕಾರಣ, ಮೇಲಿನ ಸಾಲು. ಕಾಯುವಾಗ ಅಲ್ಲಿ 127, 128, 129 ಅಂತ ನಂಬರುಗಳು ಓಡುತ್ತಿದ್ದವು. ನೋಡಿದವರಿಗೆ ಯಾರೋ ಕಡತ ಹುಡುಕುತ್ತಿದ್ದಾರೆ ಅನಿಸುತ್ತಿತ್ತು. ನಿಜಕ್ಕೂ ಅದು ಆ ಕ್ಷಣ ಗಾಳಿಯಲ್ಲಿ ಹಾದುಹೋಗುತ್ತಿದ್ದ ಪುಟಗಳ ನಂಬರು. ಬೆಲ್ಟ್ ಓಡುವುದು ಕಣ್ಣಿಗೇ ಕಾಣುತ್ತಿತ್ತು. ಆದರೂ ನಂಬಲಿಲ್ಲ!

ಎರಡನೆಯದು, ಹೊಸ ಟಿವಿಗಳು. ಪಕ್ಕದ ಮನೆಯ ಸೆಟ್ಟಿನಲ್ಲಿ ಅದೇ ಪುಟ ಥಟ್ಟನೆ ಬಂದರೆ ‘ಅವರ ಲೈನ್ ಚೆನ್ನಾಗಿದೆ’ ಅನ್ನುವುದು ಸಹಜ. ಲೈನೂ ಇಲ್ಲ, ಏನೂ ಇಲ್ಲ. ಆ ಸೆಟ್ಟಿನಲ್ಲಿ ಮೆಮೊರಿ ಜಾಸ್ತಿ. ನೀವು ಮುಂದೆ ಒತ್ತಬಹುದಾದ ಪುಟಗಳನ್ನು ಅದು ಮೊದಲೇ ಹಿಡಿದು ಇಟ್ಟುಕೊಂಡಿರುತ್ತಿತ್ತು. ಕೆಂಪು, ಹಸಿರು, ಹಳದಿ, ನೀಲಿ ಬಟನ್‌ಗಳು ಬಂದಮೇಲಂತೂ ಯಾವ ನಾಲ್ಕು ಪುಟ ಹಿಡಿಯಬೇಕು ಅಂತ ಪ್ರಸಾರದಲ್ಲೇ ಹೇಳಿ ಕಳಿಸುತ್ತಿದ್ದರು.

ಮೂರನೆಯದೇ ದೊಡ್ಡ ಅಪರಾಧಿ: ಪ್ರೆಸ್ಟೆಲ್. 1979ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ತಂದ ಸೇವೆ ಅದು. ಅದೇ 40 ಅಕ್ಷರದ ಸಾಲು, ಅವೇ ಬಣ್ಣ, ಚೌಕಗಳಿಂದ ಜೋಡಿಸಿದ ಅದೇ ಥರದ ಚಿತ್ರ. ಪರದೆ ನೋಡಿ ಬೇರೆ ಅಂತ ಹೇಳುವುದು ಕಷ್ಟ. ಆದರೆ ಅದು ಓಡುತ್ತಿದ್ದುದು ಟೆಲಿಫೋನ್ ತಂತಿಯ ಮೇಲೆ. ಅಲ್ಲಿ ನೀವು ಒತ್ತಿದ ನಂಬರು ನಿಜವಾಗಿಯೂ ದೂರದ ಕಂಪ್ಯೂಟರಿಗೆ ಹೋಗುತ್ತಿತ್ತು, ಫೋನ್ ಬಿಲ್ಲೂ ಏರುತ್ತಿತ್ತು. ಜನರ ನೆನಪಿನಲ್ಲಿ ಎರಡೂ ಕಲಸಿಹೋಗಿವೆ. ಇಂಟರ್ನೆಟ್ಟಿನ ಅಜ್ಜ ಅಂತ ಯಾರನ್ನಾದರೂ ಕರೆಯಲೇಬೇಕಾದರೆ ಪ್ರೆಸ್ಟೆಲನ್ನು ಕರೆಯಿರಿ. ಟೆಲಿಟೆಕ್ಸ್ಟ್ ರೇಡಿಯೋ ವಂಶದ್ದು.

‘ಹಾಗಾದರೆ ಟೆಲಿಟೆಕ್ಸ್ಟಿನಲ್ಲಿ ಬರುತ್ತಿದ್ದ ಬ್ಯಾಂಬೂಜಲ್ ಕ್ವಿಜ್‌ಗೆ ನಮ್ಮ ಉತ್ತರ ಹೇಗೆ ತಿಳಿಯುತ್ತಿತ್ತು?’ ಅನ್ನುವವರು ಇದ್ದಾರೆ. ಅದಕ್ಕೂ ತಿಳಿಯುತ್ತಿರಲಿಲ್ಲ. ಸರಿ ಉತ್ತರದ ಪುಟ, ತಪ್ಪು ಉತ್ತರದ ಪುಟ ಎರಡೂ ಮೊದಲೇ ಸುತ್ತುತ್ತಿದ್ದವು. ನೀವು ಒತ್ತಿದ ಬಣ್ಣ ಯಾವ ಪುಟ ತೋರಿಸಬೇಕು ಅಂತ ನಿಮ್ಮ ಟಿವಿಗೆ ಹೇಳುತ್ತಿತ್ತು, ಅಷ್ಟೇ. ನಂಬರ್ ಒತ್ತಿ ಕದ್ದು ನೋಡದ ಹಾಗೆ ಆ ಪುಟಗಳ ನಂಬರಿನಲ್ಲಿ ಅಂಕಿಯ ಜೊತೆ ಅಕ್ಷರ ಸೇರಿಸಿದ್ದರು. ರಿಮೋಟಿನಲ್ಲಿ ಅಕ್ಷರದ ಬಟನ್ ಎಲ್ಲಿಂದ ಬರಬೇಕು? ನನಗಂತೂ ಈ ಉಪಾಯ ಬಹಳ ಇಷ್ಟ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. 2012ರ ಅಕ್ಟೋಬರ್ 23ರಂದು ಉತ್ತರ ಐರ್ಲೆಂಡಿನಲ್ಲಿ ಹಳೆಯ ಅನಲಾಗ್ ಪ್ರಸಾರ ನಿಂತಿತು, ಅದರ ಜೊತೆಗೇ ಸೀಫ್ಯಾಕ್ಸ್ ಕೂಡ. ಹೊಸ ಪುಟ ಬಂದಾಗಲೆಲ್ಲ ಹಳೆಯದು ಹೋಗಿಬಿಡುತ್ತಿತ್ತು. ಹಾಗಾದರೆ ಈಗ ಕಾಣಸಿಗುವ ಹಳೆಯ ಪುಟಗಳು ಎಲ್ಲಿಂದ ಬಂದವು? ಎಷ್ಟೋ ಪುಟಗಳು ಮನೆಗಳ ವಿಎಚ್ಎಸ್ ಟೇಪುಗಳಿಂದ ಬಂದವು. ಯಾರೋ ಒಂದು ಸಿನಿಮಾ ರೆಕಾರ್ಡ್ ಮಾಡಿದ್ದರು. ಚಿತ್ರದ ಜೊತೆ ಆ ಕಾಣದ ಗೆರೆಗಳೂ ಟೇಪಿಗೆ ಹೋಗಿ ಕೂತಿದ್ದವು.

ತೊಂದರೆ ಏನೆಂದರೆ ವಿಎಚ್ಎಸ್ ಅಷ್ಟು ಸೂಕ್ಷ್ಮದ ಸಿಗ್ನಲ್ ಹಿಡಿಯುವುದಿಲ್ಲ. ಅಕ್ಷರಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಒಂದಕ್ಕೊಂದು ಹರಡಿಕೊಂಡಿರುತ್ತವೆ. ಆದರೆ ಬೆಲ್ಟ್ ಸುತ್ತುತ್ತಲೇ ಇತ್ತಲ್ಲ! ಎರಡು ಗಂಟೆಯ ಟೇಪಿನಲ್ಲಿ ಅದೇ ಪುಟ ಎಷ್ಟೋ ಸಲ ಬಂದಿರುತ್ತದೆ. ಹವ್ಯಾಸಿಗಳು ಆ ಎಲ್ಲ ಮಸುಕು ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದಿಟ್ಟು, ಹೆಚ್ಚು ಸಲ ಬಂದ ಅಕ್ಷರವನ್ನು ಆರಿಸುತ್ತಾರೆ. ಅಂದು ಕಾಯಿಸಿ ಗೋಳು ಹೊಯ್ದುಕೊಂಡ ಅದೇ ಸುತ್ತು ಇಲ್ಲಿ ಕೈ ಹಿಡಿಯುತ್ತದೆ.

ಸೀಫ್ಯಾಕ್ಸ್ ಪುಟದ ಮೇಲಿನ ಸಾಲಿನಲ್ಲಿ ವಾರ, ತಾರೀಕು, ಸೆಕೆಂಡ್ ಸಮೇತ ಗಡಿಯಾರ ಇರುತ್ತಿತ್ತು. ಹಾಗಾಗಿ ಚೀಟಿ ಕಿತ್ತುಹೋದ ಟೇಪಿನಲ್ಲೂ ಯಾವ ಶನಿವಾರ, ಎಷ್ಟು ಗಂಟೆಗೆ ರೆಕಾರ್ಡ್ ಬಟನ್ ಒತ್ತಿದ್ದರು ಅಂತ ಓದಬಹುದು. ವರ್ಷ ಮಾತ್ರ ಅಲ್ಲಿ ಇರುವುದಿಲ್ಲ. ಅದಕ್ಕೆ ಸ್ಕೋರಿನ ಪುಟ ನೋಡಬೇಕು.